ಬಾಚಣಿಗೆಯ ಸೆಳೆತ

ಒಣಗೂದಲಿನಲ್ಲಿ ನಾಲ್ಕಾರು ಬಾರಿ ಎಳೆದ ಪ್ಲಾಸ್ಟಿಕ್ ಬಾಚಣಿಗೆಯ ಬಳಿಗೆ ಕಾಗದದ ಚೂರುಗಳು ಹಾರಿ ಬಂದು ಅಂಟಿಕೊಳ್ಳುವುದನ್ನು ಕಾಣದ ಮಕ್ಕಳು ವಿರಳ. ವಿದ್ಯಾರ್ಥಿ ನಿಲಯವೊಂದರಲ್ಲಿ ಸಂಜೆಯ ಪಾಠ ಹೇಳುತ್ತಿದ್ದಾಗ ನಾವೂ ಇದನ್ನೇ ತೋರಿಸಿ, ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ, ವಿಜಾತೀಯ ಆವೇಶಗಳು ಆಕರ್ಷಿಸುತ್ತವೆ ಎಂಬ ನಿಯಮವನ್ನು ಬಾಯಿಪಾಠ ಮಾಡಿಸಿದೆವು. ಆಗ ಹುಡುಗನೊಬ್ಬನು ಎದ್ದು, "ಗುರುಗಳೇ, ಕಾಗದವನ್ನು ನಾವು ಉಜ್ಜಲೇ ಇಲ್ಲವಲ್ಲ, ಅದಕ್ಕೆ ಆವೇಶ ಎಲ್ಲಿಂದ ಬಂತು?" ಎಂದು ಕೇಳಿದನು. ಎಲ್ಲಿಂದಲೋ ಬಂದಿರಬೇಕೆಂದು ಹೇಳಿ ಅವನನ್ನು ಕೂರಿಸಿದೆವು. ಉತ್ತರ ತಪ್ಪಾಗಿತ್ತು, ರಾತ್ರಿ ಪುಸ್ತಕ ತೆರೆದಾಗಲೇ ಅದು ನಮಗೆ ಅರಿವಾದುದು.

ಕಾಗದಕ್ಕೆ ಹೊರಗಿನಿಂದ ಏನೂ ಬರಬೇಕಾಗಿಲ್ಲ. ಅದರ ಅಣುಗಳಲ್ಲಿ ಧನ ಮತ್ತು ಋಣ ಎರಡೂ ಸಮನಾಗಿಯೇ ಇವೆ. ಬಾಚಣಿಗೆ ಸಮೀಪಿಸಿದೊಡನೆ ಅದಕ್ಕೆ ವಿಜಾತೀಯವಾದುದು ಅತ್ಯಲ್ಪ ದೂರ ಇತ್ತ ಸರಿಯುತ್ತದೆ, ಸಜಾತೀಯವಾದುದು ಅತ್ತ ಸರಿಯುತ್ತದೆ. ಹತ್ತಿರದ್ದರ ಸೆಳೆತವು ದೂರದ್ದರ ನೂಕುವಿಕೆಗಿಂತ ತುಸು ಹೆಚ್ಚು. ಆ ತುಸುವೇ ಕಾಗದವನ್ನು ಎತ್ತುತ್ತದೆ.

ಅಂತರವು ಕಿರಿದಾದಷ್ಟೂ ಬಲ ಹೆಚ್ಚುವ ಪ್ರಮಾಣವನ್ನು 1785ರಲ್ಲಿ ಫ್ರಾನ್ಸಿನ ಸೇನಾ ಇಂಜಿನಿಯರ್ ಕೂಲಂ ಅಳೆದು ತೋರಿಸಿದನು. ನವಿರಾದ ಬೆಳ್ಳಿಯ ತಂತಿಗೆ ತೂಗಿದ ಕಡ್ಡಿಯ ತುದಿಯಲ್ಲೊಂದು ಬೆಂಡಿನ ಗುಂಡು, ಅದರ ಪಕ್ಕದಲ್ಲಿ ಅಲುಗದಂತೆ ನಿಲ್ಲಿಸಿದ ಇನ್ನೊಂದು. ಎರಡಕ್ಕೂ ಒಂದೇ ಬಗೆಯ ಆವೇಶ ಕೊಟ್ಟಾಗ ಅವು 36 ಡಿಗ್ರಿ ದೂರ ಸರಿದು ನಿಂತವು. ಆ ಅಂತರವನ್ನು 18ಕ್ಕೆ ಇಳಿಸಲು ತಂತಿಯ ಮೇಲ್ತುದಿಯನ್ನು 126 ಡಿಗ್ರಿ ತಿರುಚಬೇಕಾಯಿತು. ಎರಡನ್ನೂ ಕೂಡಿಸಿದರೆ ತಿರುಚು 144, ಎಂದರೆ ಮೊದಲಿನ 36ರ ನಾಲ್ಕು ಪಟ್ಟು. ಅಂತರ ಅರ್ಧವಾದರೆ ಬಲ ನಾಲ್ಮಡಿ. ಸೂತ್ರವನ್ನು ಗಿಳಿಪಾಠ ಒಪ್ಪಿಸುವ ನಮ್ಮ ಮಕ್ಕಳಿಗೆ ಈ ಮೂರು ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಅವರಿಂದಲೇ ಲೆಕ್ಕ ಕಟ್ಟಿಸಿದರೆ ಸಾಕು; ನಿಯಮ ತಾನಾಗಿ ಅವರ ಕೈಗೆ ಸಿಕ್ಕುತ್ತದೆ.

ಮರುಸಂಜೆ ಆ ಹುಡುಗನನ್ನು ಮುಂದೆ ಕರೆದು, ಹಿಂದಿನ ದಿನ ನಾವು ಹೇಳಿದ್ದು ತಪ್ಪೆಂದು ಎಲ್ಲರೆದುರು ಒಪ್ಪಿಕೊಂಡೆವು. ಅವನು ಅಷ್ಟಕ್ಕೇ ಬಿಡಲಿಲ್ಲ. "ಹಾಗಾದರೆ ಒಂದು ವಸ್ತುವಿಗೆ ಆವೇಶವಿದೆಯೆಂದು ತಿಳಿಯುವುದು ಹೇಗೆ?" ಎಂದನು. ಸೆಳೆತವನ್ನು ನಂಬಲಾಗದು, ಏಕೆಂದರೆ ಆವೇಶವಿಲ್ಲದ ಕಾಗದವೂ ಸೆಳೆಯಲ್ಪಡುತ್ತದೆ. ನೂಕುವಿಕೆಯೇ ನಿಜವಾದ ಸಾಕ್ಷಿ. ಎರಡು ಬಲೂನುಗಳನ್ನು ಉಣ್ಣೆಯ ಬಟ್ಟೆಯಿಂದ ಉಜ್ಜಿ, ದಾರ ಕಟ್ಟಿ ಅಕ್ಕಪಕ್ಕದಲ್ಲಿ ತೂಗುಬಿಟ್ಟೆವು. ಅವು ಒಂದನ್ನೊಂದು ದೂರ ತಳ್ಳಿ ನಿಂತಾಗ ಮಕ್ಕಳು ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಇದನ್ನು ಮಾಡಿಸಬಯಸುವ ತಾಯಿತಂದೆಯರು ಚಳಿಗಾಲದ ಒಣಹವೆಯ ದಿನವನ್ನೇ ಆರಿಸಿಕೊಳ್ಳಲಿ. ಮಳೆಗಾಲದಲ್ಲಿ ವಸ್ತುಗಳ ಮೇಲೆ ಕುಳಿತ ತೇವದ ಮೂಲಕ ಆವೇಶ ಸೋರಿಹೋಗುವುದರಿಂದ ಬಲೂನುಗಳು ಸುಮ್ಮನೆ ಜೋತುಬಿದ್ದಿರುತ್ತವೆ.