ಹಳೇ ಡೆಸ್ಕ್‌ಟಾಪ್‌ಗೆ ಹೊಸ ರ‍್ಯಾಮ್

ರಜೆಯಲ್ಲಿ ಮನೆಯ ಹಳೇ ಡೆಸ್ಕ್‌ಟಾಪ್‌ಗೆ ಹಾಕೋಣ ಅಂತ ಡಿಡಿಆರ್4 ರ‍್ಯಾಮ್ ತಂದಿದ್ದೆ. ನೋಡಿದ್ರೆ ಬೋರ್ಡ್ ಡಿಡಿಆರ್3! ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತೆ. ಒಂದಕ್ಕೆ 240 ಪಿನ್, ಇನ್ನೊಂದಕ್ಕೆ 288. ಬಲವಂತವಾಗಿ ಒತ್ತಿದ್ರೆ ಸ್ಲಾಟೇ ಮುರಿಯುತ್ತೆ. ಅದಕ್ಕೇ ಕೊಳ್ಳೋ ಮೊದಲು ಹಳೇ ರ‍್ಯಾಮ್ ಮೇಲಿನ ಸ್ಟಿಕ್ಕರ್ ಓದಿ. ನಾನು ಅಂಗಡಿಗೆ ವಾಪಸ್ ಹೋಗಿ ಬದಲಾಯಿಸ್ಕೊಂಡು ಬಂದೆ.

ಬಿಚ್ಚೋಕೆ ಮುಂಚೆ ಬ್ಯಾಕಪ್. ಅಜ್ಜಿಯ ಫೋಟೋಗಳೆಲ್ಲ ಅದೊಂದೇ ಹಾರ್ಡ್‌ಡಿಸ್ಕ್‌ನಲ್ಲಿದ್ದವು. ಪೆನ್‌ಡ್ರೈವ್‌ಗೆ ಹಾಕ್ಕೊಂಡ ಮೇಲೇ ಸ್ಕ್ರೂಡ್ರೈವರ್ ಹಿಡಿದೆ.

ಆಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಖಾಲಿಯಾಗುತ್ತೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ನಮಗೆ ಗೊತ್ತೇ ಆಗದಷ್ಟು ಸ್ಟ್ಯಾಟಿಕ್ ಕೂಡ ಚಿಪ್ ಹಾಳುಮಾಡಬಲ್ಲದು. ರ‍್ಯಾಮನ್ನು ಅಂಚಲ್ಲಿ ಹಿಡಿದು ಎರಡೂ ಕಡೆ ಸಮನಾಗಿ ಒತ್ತಿ; ‘ಟಕ್’ ಅನ್ನಬೇಕು.

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ಡಿಸ್ಪ್ಲೇ ಬರಲಿಲ್ವಾ? ಗಾಬರಿ ಬೇಡ. ಮತ್ತೆ ಪ್ಲಗ್ ಕಿತ್ತು ರ‍್ಯಾಮ್ ತೆಗೆದು ಸರಿಯಾಗಿ ಕೂರಿಸಿ. ನಂದೂ ಎರಡನೇ ಸಲಕ್ಕೇ ಬಂದದ್ದು!