ಬೇಸ್ ಗಿಟಾರಿನ ತಂತಿ: ಬಿಗಿತ ಬೇರೆ, ಹೊಳಪು ಬೇರೆ

ನಾಚಾರಂನ ಹೋಟೆಲೊಂದರಲ್ಲಿ ದುಡಿಯುವ ತರುಣನೊಬ್ಬನು ತನ್ನ ಬೇಸ್ ಗಿಟಾರಿನ ನಾದ ಮಂಕಾಯಿತೆಂದು ನಮ್ಮಲ್ಲಿ ಹೇಳಿಕೊಂಡನು. ದಪ್ಪ ತಂತಿ ಕೊಳ್ಳಲು ಸಂಬಳದಲ್ಲಿ ಹಣವನ್ನೂ ಉಳಿಸಿದ್ದನು. ಕೊಂಚ ತಾಳಪ್ಪಾ ಎಂದೆವು.

ದಪ್ಪದಿಂದ ಹೆಚ್ಚುವುದು ಬಿಗಿತವೇ ಹೊರತು ಹೊಳಪಲ್ಲ. ತಂಬೂರಿಯ ಮಂದ್ರ ಷಡ್ಜಕ್ಕೆ ದಪ್ಪ ತಂತಿ ಕಟ್ಟುವುದೇಕೆ? ತೆಳು ತಂತಿ ಕೆಳಸ್ವರದಲ್ಲಿ ಜೋಲುವುದು. ಬೇಸಿಗೂ ಇದೇ ನ್ಯಾಯ. ಸಾಮಾನ್ಯ ಬೇಸಿನಲ್ಲಿ ತಂತಿ ಮಿಡಿಯುವ ಉದ್ದ 34 ಅಂಗುಲ; ಅದಕ್ಕೆ ಅಂಗುಲದ ಸಾವಿರಾಂಶಗಳಲ್ಲಿ 45ರಿಂದ 105ರವರೆಗಿನ ನಾಲ್ಕು ತಂತಿಗಳ ಸೆಟ್ ಬಹುಮಂದಿಗೆ ಹೊಂದುವುದು. ಅತಿ ದಪ್ಪದ್ದನ್ನು ಬಿಗಿದರೆ ಬೆರಳು ನೋಯುವುದು, ವಾದ್ಯದ ಕೊರಳೂ ಬಾಗೀತು.

ಹೊಳಪು ಹೊರಸುತ್ತಿನ ಗುಣ. ಚಪ್ಪಟೆ ಸುತ್ತಿನದು ಮೃದು, ದುಂಡು ಸುತ್ತಿನದು ಪ್ರಖರ. ತುಕ್ಕು ಹಿಡಿಯದ ಉಕ್ಕಿನ ಸುತ್ತು ನಿಕ್ಕಲ್ ಲೇಪದ್ದಕ್ಕಿಂತಲೂ ಪ್ರಖರ. ಆದರೆ ಫ್ರೆಟ್ಟುಗಳನ್ನು ಬೇಗ ಸವೆಸುವುದು.

ಆ ತರುಣನ ತಂತಿಯು ದುಂಡು ಸುತ್ತಿನದೇ. ಆದರೆ ಸುತ್ತಿನ ಸಂದುಗಳಲ್ಲಿ ಬೆವರೂ ದೋಸೆಕಾವಲಿಯ ಜಿಡ್ಡೂ ತುಂಬಿ, ನವಿರಾದ ಕಂಪನಗಳನ್ನು ಅಡಗಿಸಿದ್ದವು! ವಾಚಕರೇ, ಕೈ ತೊಳೆದು ನುಡಿಸಿರಿ, ನುಡಿಸಿದೊಡನೆ ಒಣಬಟ್ಟೆಯಿಂದ ಒರೆಸಿರಿ. ನಾದ ಮರಳದಿದ್ದರೆ ಅದೇ ದಪ್ಪದ ಹೊಸ ತಂತಿ ಸಾಕು. ಬೆವರು ಸುರಿಸಿ ಗಳಿಸಿದ ಕಾಸು ವ್ಯರ್ಥವಾಗದಿರಲಿ.