ಔಷಧಿ ಹೊಡೆದವನ ಕಣ್ಣುಪಾಪೆ

ಹೊಲಕ್ಕೆ ಔಷಧಿ ಹೊಡೆಯುತ್ತಿದ್ದವನು ತಲೆಸುತ್ತಿ ಬಿದ್ದರೆ, ಆಸ್ಪತ್ರೆಯಲ್ಲಿ ಅವನ ಕಣ್ಣಿಗೆ ಟಾರ್ಚ್ ಹಿಡಿದು ನೋಡುತ್ತಾರೆ. ಪಾಪೆ ಸೂಜಿಮೊನೆಯಷ್ಟಕ್ಕೆ ಕುಗ್ಗಿರುತ್ತದೆ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಮಾಂಸಖಂಡಗಳಲ್ಲಿ ಹುಳ ಹರಿದಂತೆ ಅದುರು. ಈ ಪಾಡಿಗೆಲ್ಲ ಮೂಲ, ಒಂದು ಕಿಣ್ವ ಕೈಕಟ್ಟಿ ಕೂತಿರುವುದು.

ನರದ ತುದಿಗೂ ಸ್ನಾಯುವಿಗೂ ನಡುವೆ ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದಾದ ಸಂದಿಯಿದೆ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಅದನ್ನು ದಾಟಿ ಆಚೆ ದಡದ ಗ್ರಾಹಕವನ್ನು ಮುಟ್ಟಿದರೆ ಸ್ನಾಯು ಸೆಳೆಯುತ್ತದೆ. ಮುಟ್ಟಿದ್ದು ಅಲ್ಲೇ ಉಳಿಯಬಾರದಲ್ಲ? ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವ ಅದನ್ನು ಕ್ಷಣಾರ್ಧದಲ್ಲಿ ತುಂಡರಿಸುತ್ತದೆ. ಇದರ ಒಂದು ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಕತ್ತರಿಸಬಲ್ಲದು. ತುಂಡಾದ ಕೋಲಿನ್ ನರದೊಳಕ್ಕೆ ಮರಳಿ, ಮತ್ತೆ ಬಳಕೆಗೆ ಬರುತ್ತದೆ.

ಮೋನೋಕ್ರೋಟೋಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಈ ಕತ್ತರಿಯ ಬಾಯಿಗೇ ಅಂಟಿಕೊಳ್ಳುತ್ತವೆ. ಆಮೇಲೆ ಅಸಿಟೈಲ್‌ಕೋಲಿನ್ ರಾಶಿಬೀಳುತ್ತದೆ. ಶ್ವಾಸಕೋಶದಲ್ಲಿ ನೀರೂರುತ್ತದೆ, ಉಸಿರಾಟದ ಸ್ನಾಯು ಬಳಲಿ ನಿಲ್ಲುತ್ತದೆ. ಸಾವು ಬರುವುದು ಹೆಚ್ಚಾಗಿ ಈ ದಾರಿಯಲ್ಲೇ.

ಚಿಕಿತ್ಸೆಗೆ ಕೊಡುವ ಆಟ್ರೋಪಿನ್ ಎಂಬ ಮದ್ದು ಕಿಣ್ವವನ್ನು ಬಿಡಿಸುವುದಿಲ್ಲ; ಗ್ರಂಥಿ, ಹೃದಯ, ಶ್ವಾಸನಾಳಗಳ ಗ್ರಾಹಕಕ್ಕೆ ಬಾಗಿಲು ಹಾಕುತ್ತದೆ, ಅಷ್ಟೇ. ಕೈಕಾಲಿನ ಸ್ನಾಯುಗಳ ಗ್ರಾಹಕ ಬೇರೆ ಜಾತಿಯದು, ಅಲ್ಲಿ ಅದರ ಆಟ ನಡೆಯದು. ಪಾಪೆ ಹಿಗ್ಗಿತೆಂದು ಡೋಸ್ ನಿಲ್ಲಿಸುವಂತಿಲ್ಲ. ಎದೆಯ ಗೊರಗೊರ ಆರಿತೇ ಎಂದು ಸ್ಟೆತಾಸ್ಕೋಪ್ ಇಟ್ಟು ಕೇಳಬೇಕು. ಅಂಟನ್ನು ಕೀಳಲು ಪ್ರಾಲಿಡಾಕ್ಸೈಮ್ ಇದೆ. ಆದರೆ ಹೊತ್ತು ಕಳೆದಂತೆ ಅಂಟು ಬಿಗಿದು ಗಟ್ಟಿಯಾಗುತ್ತದೆ, ಆಗ ಅದೂ ಸೋಲುತ್ತದೆ.

ವಿಚಿತ್ರವೆಂದರೆ ಇದೇ ಕಿಣ್ವವನ್ನು ವೈದ್ಯರೂ ಬೇಕೆಂದೇ ತಡೆಯುತ್ತಾರೆ, ಸ್ವಲ್ಪ ಹೊತ್ತಿಗೆ. ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯಲ್ಲಿ ಸ್ನಾಯುವಿನ ಗ್ರಾಹಕಗಳೇ ಕಮ್ಮಿಯಾಗಿ ರೆಪ್ಪೆ ಜೋತುಬೀಳುತ್ತದೆ. 1934ರಲ್ಲಿ ಲಂಡನ್ನಿನ ವೈದ್ಯೆ ಮೇರಿ ವಾಕರ್ ಅಂಥ ರೋಗಿಗೆ ಫೈಸೋಸ್ಟಿಗ್ಮಿನ್ ಚುಚ್ಚಿದಾಗ ರೆಪ್ಪೆ ಮೇಲೆದ್ದಿತು. ಕೆಲ ಗಂಟೆಗಳಲ್ಲಿ ಮತ್ತೆ ಇಳಿಯಿತು. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಮಾತ್ರೆಯೂ ಇದೇ ಕುಲದ್ದು.

ಕಾರ್ಬಮೇಟ್ ಎಂಬ ಇನ್ನೊಂದು ಕುಲದ ಕೀಟನಾಶಕಗಳೂ ಇದೇ ಕಿಣ್ವಕ್ಕೆ ಅಂಟುತ್ತವೆ, ಆದರೆ ಸಾಮಾನ್ಯವಾಗಿ ತಾವಾಗಿ ಕಳಚಿಕೊಳ್ಳುತ್ತವೆ. ಹಾಗಾಗಿ ಬಿದ್ದವನ ಒದ್ದೆ ಬಟ್ಟೆ ಬಿಚ್ಚಿ, ಮೈಗೆ ಸೋಪು ಹಚ್ಚಿ ತೊಳೆದು (ತೊಳೆಯುವವರ ಕೈಗೆ ಗ್ಲೌಸ್ ಇರಲಿ) ಗಾಡಿ ಹತ್ತಿಸುವಾಗ ಔಷಧಿಯ ಡಬ್ಬಿಯನ್ನೂ ಜೊತೆಗೊಯ್ಯಿರಿ. ಅಂಟಿದ್ದು ಯಾವ ಕುಲದ್ದೆಂದು ಡಾಕ್ಟರಿಗೆ ಹೇಳುವುದು ಅದರ ಲೇಬಲ್.